ಜ್ವರಕ್ಕೆ ಕೂತ ಹುಲಿ

ಫೋನಿನೊಳಗಿನ ಹುಲಿಗೆ ತೊಂದರೆಯಾಗುತ್ತದೆಂದು ಮನೆಯಲ್ಲಿ ಒಗ್ಗರಣೆ ನಿಲ್ಲಿಸಿದ ಮಹಾನುಭಾವರನ್ನು ನೀವು ಕಂಡಿದ್ದೀರಾ? ಚನ್ನಪಟ್ಟಣದ ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ. ನಮ್ಮ ಯಜಮಾನರ ಅಣ್ಣ, ನನಗೆ ಭಾವ.

ಅಂದು ಬೆಳಿಗ್ಗೆ ಅವರೆಕಾಯಿ ಸುಲಿಯುತ್ತಿದ್ದೆ. ನಡುಮನೆಯಿಂದ ಕೂಗಿದರು: “ಹೊಸ ಕಾರ್ಡ್ ಬಂದವೆ ಕಣಮ್ಮ! ಹುಲಿ, ಗಂಡಭೇರುಂಡ! ಆಟದ ರೂಲ್ಸೇ ಬದಲಾಯಿಸ್ಬುಟ್ಟವ್ರೆ!”

ಮನೆಯಲ್ಲಿ ಮಗು ಹುಟ್ಟಿದ ಸುದ್ದಿಯನ್ನೂ ಅವರು ಇಷ್ಟು ಸಡಗರದಿಂದ ಹೇಳಿದವರಲ್ಲ!

ಫೋನಿನಲ್ಲಾಡುವ ಈ ಆಟ ದುಡ್ಡು ಕಟ್ಟುವಂಥದ್ದಲ್ಲ, ದೇವರು ದೊಡ್ಡವನು. ಕಾರ್ಡಿನಲ್ಲಿರುವ ಪ್ರಾಣಿಗಳು ಕಾದಾಡುತ್ತವೆ, ಅಷ್ಟೇ. ಯಜಮಾನರ ಮಂಚದ ತುದಿಯಲ್ಲೇ ಕೂತು, ಒಂದೊಂದು ಏಟಿಗೂ ಕಾಮೆಂಟರಿ ಹೇಳುತ್ತಾ ಆಡುತ್ತಾರೆ. ಯಜಮಾನರಿಗೆ ಸ್ಟ್ರೋಕ್ ಆದಾಗಿನಿಂದ ಬಲಗೈ ಆಡುತ್ತಿಲ್ಲ. ಮಾತು ಉಳಿಯಿತು, ಅದೇ ಭಗವಂತನ ಕೃಪೆ. ಬೆರಳು ಆಡಿಸದಿದ್ದರೆ ಕೈ ಹಾಗೇ ಉಳಿದುಬಿಡುತ್ತದೆಂದು ಡಾಕ್ಟರು ಹಿಸುಕಲು ರಬ್ಬರ್ ಚೆಂಡು ಕೊಟ್ಟಿದ್ದಾರೆ. ಇವರೋ ಅದನ್ನು ಮುಟ್ಟದೆ ಗೋಡೆ ಕಡೆ ತಿರುಗಿ ಮಲಗುತ್ತಾರೆ. ನಾನು ಹರಕೆ ಹೊರದ ದೇವರಿಲ್ಲ.

ಆಟದ ಹೊಸ ರೂಲು ಇಷ್ಟು: ಹುಲಿಯಾಗಲಿ ಕರಡಿಯಾಗಲಿ, ಕಾರ್ಡನ್ನು ಮಲಗಿಸಬೇಕು. ಬೆಳಿಗ್ಗೆ ಮಲಗಿದ್ದು ಮಧ್ಯಾಹ್ನ ಎದ್ದರೆ ಎರಡರಷ್ಟು ಬಲ. ಏಳುವಾಗ ಫೋನು ಗಂಟೆ ಬಾರಿಸುತ್ತದೆ. ಗಂಟೆ ನಿಲ್ಲುವುದರೊಳಗೆ ಬೆರಳಲ್ಲಿ ಮೇಲಕ್ಕೆ ಎಳೆಯದಿದ್ದರೆ ಹುಲಿ ಹೋದಂತೆಯೇ!

ಭಾವ ಸಾತನೂರಿನಲ್ಲಿ ರೇಷ್ಮೆಹುಳು ಸಾಕಿದವರು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಮಲಗುವುದಕ್ಕೆ ‘ಜ್ವರಕ್ಕೆ ಕೂರುವುದು’ ಎನ್ನುತ್ತಾರೆ. ಆಗ ಮನೆಯಲ್ಲಿ ಹೊಗೆ, ಘಾಟು, ಗಲಾಟೆ ಒಂದೂ ಕೂಡದು. ಸರಿ, ಹುಲಿಗೂ ಅದೇ ಮಡಿ! ಫೋನನ್ನು ಮೊರದಲ್ಲಿಟ್ಟು, ಪೇಪರ್ ಹೊದಿಸಿ, ಯಜಮಾನರ ಬಲಮಗ್ಗುಲಲ್ಲಿ ಇಟ್ಟರು.

“ಒಗ್ಗರಣೆ ಹಾಕ್ಬ್ಯಾಡ ಕಣಮ್ಮ, ಹುಲಿ ಜ್ವರಕ್ಕೆ ಕೂತೈತೆ.”

“ದೇವರಿಗೆ ಊದುಬತ್ತಿನಾದ್ರೂ ಹಚ್ಚಬಹುದಾ ಭಾವ?”

“ಹಿತ್ಲಲ್ಲಿ ಹಚ್ಚು. ದೇವ್ರು ಅಡ್ಜಸ್ಟ್ ಮಾಡ್ಕೊತಾನೆ, ಹುಲಿ ಮಾಡ್ಕಳಾಕಿಲ್ಲ!”

ಹುಳುವಿನ ತಟ್ಟೆಗೆ ಎರಚುವಂತೆ ಫೋನಿಗೂ ಸುಣ್ಣದ ಪುಡಿ ಎರಚಲು ಬಂದವರನ್ನು ತಡೆಯುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಮಧ್ಯಾಹ್ನ ಪಕ್ಕದ ಮನೆಯಾಕೆ ಮೆಣಸಿನಕಾಯಿ ಹುರಿದಳು. ಭಾವ ಸೀನುತ್ತಾ ಆಕೆಯ ಬಾಗಿಲಿಗೆ ಓಡಿದರು.

“ಒಸಿ ಒಲೆ ಆರ್ಸವ್ವ, ನಮ್ ಹುಲಿ ಮಲಗೈತೆ!”

“ನಿಮ್ ಹುಲಿ ಮೂಗು ನೀವೇ ಮುಚ್ಕಳಿ ಗೌಡ್ರೇ! ನಮ್ಮನೇರು ಊಟಕ್ ಬತ್ತಾವ್ರೆ!”

ಅದೇ ಹೊತ್ತಿಗೆ ಫೋನು ಗಂಟೆ ಬಾರಿಸಬೇಕೇ! ನಾನು ಮುದ್ದೆ ತೊಳಸುತ್ತಿದ್ದೆ. ಯಜಮಾನರ ಎಡಗೈಯಲ್ಲಿ ಮಜ್ಜಿಗೆ ಲೋಟ. “ಅಣ್ಣೋ!” ಎಂದು ಕೂಗಿದರು. ಅಣ್ಣ ಮೆಣಸಿನಕಾಯಿ ಯುದ್ಧದಲ್ಲಿದ್ದಾರೆ, ಕೇಳಿಸುತ್ತದೆಯೇ? ಮುದ್ದೆಕೋಲು ಹಿಡಿದೇ ಓಡಿದ ನಾನು ಬಾಗಿಲಲ್ಲಿ ನಿಂತುಬಿಟ್ಟೆ. ಪೇಪರ್ ಸರಿದಿತ್ತು. ಯಜಮಾನರ ಬಲಗೈಯ ತೋರುಬೆರಳು ನಡುಗುತ್ತಾ, ಫೋನಿನ ಗಾಜಿನ ಮೇಲೆ ಒಂದಿಷ್ಟಿಷ್ಟೇ ಮೇಲಕ್ಕೆ ತೆವಳುತ್ತಿತ್ತು.

“ಅಣ್ಣೋ, ಹುಲಿ ಎದ್ದೈತೆ ಬಾ!”

ಭಾವ ಬಂದವರೇ ರೇಗಿದರು: “ನನ್ ಹುಲಿನ ನೀನ್ಯಾಕ್ಲಾ ಮುಟ್ದೆ?”

ಆಮೇಲೆ ಕಣ್ಣು ಆ ಕೈಯ ಮೇಲೆ ಬಿತ್ತು. ಭಾವ ನೆಲಕ್ಕೆ ಕೂತು, ತಮ್ಮನ ಆ ಒಂದು ಬೆರಳನ್ನು ಎರಡೂ ಅಂಗೈಯೊಳಗೆ ಇಟ್ಟುಕೊಂಡರು. ಮೆಲ್ಲಗೆ ಹೇಳಿದರು: “ನಾಳೆ ಕರಡಿ ಮಲಗಿಸ್ತೀನಿ ಕಂದ. ಅದ್ನೂ ನೀನೇ ಎಬ್ಬಿಸ್ಬೇಕು.”

ನಾನು ಒಳಗೆ ಹೋಗಿ, ತಳ ಹಿಡಿದ ಪಾತ್ರೆಯನ್ನು ನೆನೆಹಾಕಿ, ಬೇರೆ ಪಾತ್ರೆಯಲ್ಲಿ ಮುದ್ದೆಗೆ ಎಸರಿಟ್ಟೆ.