ನನ್ನ ಕಾರಿನ ನಂದಾದೀಪ

ವಿಮಾ ಏಜೆಂಟನನ್ನೂ ಹಳೇ ಕಾರನ್ನೂ ಜನ ದೂರದಿಂದಲೇ ಗುರುತು ಹಿಡಿದು ದಾರಿ ಬದಲಿಸುತ್ತಾರೆ. ನನ್ನದು ಎರಡೂ ಕೂಡಿಬಂದ ಜಾತಕ. ಮನೆ ಹಗರಿಬೊಮ್ಮನಹಳ್ಳಿಯಲ್ಲಿ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಸುತ್ತಿ ಜನರಿಗೆ ಪಾಲಿಸಿ ಮಾಡಿಸುವುದು ಕಸುಬು. ಬೈಕಿನಲ್ಲಿ ತಿರುಗಿ ತಿರುಗಿ ಸೊಂಟ ಹಿಡಿದ ಮೇಲೆ, ಹರಪನಹಳ್ಳಿಯ ನಿವೃತ್ತ ಮಾಸ್ತರರೊಬ್ಬರ ಹಳೇ ಪೆಟ್ರೋಲ್ ಕಾರು ಕೊಂಡೆ. ಮಾಸ್ತರರು ಅದನ್ನು ಎಷ್ಟು ಜೋಪಾನ ಮಾಡಿದ್ದರೆಂದರೆ ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದಿರಲಿಲ್ಲ. ಅವರ ಕೈಯಲ್ಲಿ ಇರುವ ತನಕ ತುಟಿ ಪಿಟಕ್ಕೆನ್ನದ ಕಾರು ನನ್ನ ಕೈಗೆ ಬಂದದ್ದೇ ತಡ, ಒಳಗೊಂದು ಹಳದಿ ದೀಪ ಹಚ್ಚಿಕೊಂಡು ಕೂತಿತು. ಅಲ್ಲಿಂದೀಚೆಗೆ ನನ್ನ ಮರ್ಯಾದೆ ಹೋಗುವುದಕ್ಕೆ ಬೇರೆ ಯಾರೂ ಕಷ್ಟಪಡಬೇಕಾಗಿ ಬಂದಿಲ್ಲ.

ಮೊದಲ ಸವಾರಿ

ಒಂದು ಸೋಮವಾರ ಹೆಂಡತಿಯನ್ನು ಕೂರಿಸಿಕೊಂಡು ಕೊಟ್ಟೂರಿಗೆ ದೇವರ ದರ್ಶನಕ್ಕೆ ಹೊರಟಿದ್ದೆ. ಕಾರು ಮನೆಗೆ ಬಂದ ಮೇಲೆ ಅವಳ ಮೊದಲ ಸವಾರಿ ಅದು. ಹೊಸ ಸೀರೆ ಉಟ್ಟು, ಓಣಿಯವರೆಲ್ಲ ನೋಡಲಿ ಎಂದು ಗಾಜು ಪೂರ್ತಿ ಇಳಿಸಿಕೊಂಡು ಕೂತಿದ್ದಳು. ಊರು ದಾಟಿ ಒಂದಷ್ಟು ದೂರ ಹೋಗಿದ್ದೆವು. ಸ್ಟೇರಿಂಗಿನ ಹಿಂದೆ ಹಳದಿ ಬಣ್ಣದ ಒಂದು ಚಿತ್ರ ಹೊತ್ತಿಕೊಂಡಿತು. ಒಂದು ಕಡೆಯಿಂದ ನೋಡಿದರೆ ನೀರಿನ ನಲ್ಲಿ, ಇನ್ನೊಂದು ಕಡೆಯಿಂದ ನೋಡಿದರೆ ಕಾಲಿಲ್ಲದ ಆಮೆ.

ಅದೇನೆಂದು ಅವಳು ಕೇಳಿದಳು. ನನಗೂ ಗೊತ್ತಿರಲಿಲ್ಲ. ಆದರೆ ಕಾರು ಕೊಳ್ಳುವ ಮುಂಚೆ ತನ್ನ ತಮ್ಮನನ್ನು ಒಂದು ಮಾತು ಕೇಳಿ ಎಂದು ಅವಳು ಹೇಳಿದ್ದಳು. ಗಾಡಿ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ನಾನು ಎದೆ ತಟ್ಟಿಕೊಂಡಿದ್ದೆ. ಈಗ ಗೊತ್ತಿಲ್ಲ ಅನ್ನುವ ಹಾಗಿರಲಿಲ್ಲ.

“ಅದು ಎಂಜಿನ್ ಚಿತ್ರ. ಎಂಜಿನ್ ಚಾಲೂ ಐತಿ ಅಂತ ತೋರಸ್ತೈತಿ,” ಎಂದೆ.

ಅವಳು ಆ ದೀಪವನ್ನೂ ನನ್ನನ್ನೂ ನೋಡಿದಳು.

“ಹಂಗಾದ್ರ ಮನಿಯಿಂದ ಇಲ್ಲೀತನ ಹೆಂಗ ಬಂದ್ವಿರಿ?”

ಗ್ಯಾರೇಜಿನಲ್ಲಿ ಒಳ್ಳೇ ನಡತೆ

ನಮ್ಮೂರ ಗ್ಯಾರೇಜಿನ ಮೇಸ್ತ್ರಿ ಕೈಯಗಲದ ಒಂದು ಯಂತ್ರ ತಂದು ಸ್ಟೇರಿಂಗಿನ ಕೆಳಗೆ ಚುಚ್ಚಿ ನೋಡಿದ. ಹೊಗೆ ಕೊಳವೆಯಲ್ಲಿ ಆಕ್ಸಿಜನ್ ಸೆನ್ಸರ್ ಅಂತ ಇರುತ್ತದಂತೆ, ಅದು ಸರಿಯಾಗಿ ಸುದ್ದಿ ಕೊಡುತ್ತಿಲ್ಲವಂತೆ. ಆಕ್ಸಿಜನ್ ಅಂದ ಕೂಡಲೇ ಕಾರಿಗೆ ಉಸಿರಾಟದ ತೊಂದರೆ ಎಂದು ಮನೆಗೆ ಫೋನ್ ಮಾಡಿ ಹೇಳಿದೆ. ಮೇಸ್ತ್ರಿ ಯಂತ್ರದಿಂದಲೇ ದೋಷ ಅಳಿಸಿದ, ದೀಪ ಆರಿತು. ನಾನು ರೈಲ್ವೆ ಗೇಟಿನ ತನಕ ಬರುವಷ್ಟರಲ್ಲಿ ಮತ್ತೆ ಹತ್ತಿತು. ತಿರುಗಿಸಿಕೊಂಡು ಗ್ಯಾರೇಜಿಗೆ ಹೋದೆ. ಗ್ಯಾರೇಜಿನ ಬಾಗಿಲಲ್ಲಿ ಆರಿಬಿಟ್ಟಿತು.

ಇದೇ ರೂಢಿಯಾಯಿತು. ಡಾಕ್ಟರ ಮುಂದೆ ಕೂರಿಸಿದ ಕೂಡಲೇ ಜ್ವರ ಇಳಿದು ನಗುವ ಕೂಸಿನ ಹಾಗೆ, ಗ್ಯಾರೇಜು ಕಂಡರೆ ಕಾರು ಒಳ್ಳೇ ನಡತೆ ತೋರಿಸುತ್ತಿತ್ತು. ಮೇಸ್ತ್ರಿ ಕಾರಿನ ಬದಲು ನನ್ನನ್ನೇ ಅನುಮಾನದಿಂದ ನೋಡತೊಡಗಿದ. ಕೊನೆಗೆ ಕಾರು ಬಿಟ್ಟು ಹೋಗಿ, ನಾನೇ ಓಡಿಸಿ ನೋಡುತ್ತೇನೆ ಎಂದ. ಬಿಟ್ಟು ಬಂದೆ. ಅವನು ಬಹಳ ಶ್ರದ್ಧೆಯಿಂದ ಪರೀಕ್ಷೆ ಮಾಡಿದ. ಹಡಗಲಿಯಲ್ಲಿ ಅವನ ಸಂಬಂಧಿಕರ ಮದುವೆ ಇತ್ತು, ಮನೆಮಂದಿಯನ್ನೆಲ್ಲ ತುಂಬಿಕೊಂಡು ಅಲ್ಲಿಗೂ ಹೋಗಿ ಬಂದು ಪರೀಕ್ಷೆ ಮಾಡಿದ. ದೀಪ ಒಮ್ಮೆಯೂ ಹತ್ತಲಿಲ್ಲವಂತೆ.

ಕಾರು ತರಲು ಹೋದೆ. ಅವನು ಪಕ್ಕದಲ್ಲಿ ನಿಂತಿದ್ದ. ನಾನು ಕೂತು, ಬಾಗಿಲು ಹಾಕಿಕೊಂಡು, ಗೇರು ಹಾಕಿದೆ. ದೀಪ ಹತ್ತಿತು. ಮೇಸ್ತ್ರಿ ಬಗ್ಗಿ ದೀಪ ನೋಡಿದ, ಆಮೇಲೆ ನಾನು ಕೂತ ಭಂಗಿ ನೋಡಿದ.

“ಸರ, ದೋಷ ಸೀಟಿನ ಮ್ಯಾಲೆ ಐತಿ ಅನಸ್ತೈತಿ,” ಎಂದ.

ಮುನ್ಸೂಚನೆ

ಹೊಸಹಳ್ಳಿ ಕಡೆಯ ಒಬ್ಬ ಕುರಿ ಸಾಕಣೆಯ ಯಜಮಾನರನ್ನು ಪಾಲಿಸಿಗೆ ಒಪ್ಪಿಸಲು ಒಂದು ಬೇಸಿಗೆಯೆಲ್ಲ ಓಡಾಡಿದ್ದೆ. ಅವರ ಹಟ್ಟಿಯ ನಾಯಿಗಳು ನನ್ನನ್ನು ಕಂಡು ಬೊಗಳುವುದನ್ನೂ ಬಿಟ್ಟಿದ್ದವು. ಕೊನೆಗೆ ಯಜಮಾನರು ಹ್ಞೂಂ ಅಂದರು. ಪಾಲಿಸಿಗೆ ಮುಂಚೆ ಡಾಕ್ಟರಿಂದ ತಪಾಸಣೆ ಆಗಬೇಕು. ಮನಸ್ಸು ಬದಲಾದೀತೆಂದು ಮರುದಿನ ಬೆಳಿಗ್ಗೆಯೇ ಅವರನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಕೂಡ್ಲಿಗಿಗೆ ಹೊರಟೆ.

ದಾರಿಯಲ್ಲಿ ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರುವುದು ನಮ್ಮ ಕಸುಬಿಗೆ ಹೇಳಿಸಿದ್ದಲ್ಲ. ದೇಹ ಅನ್ನುವುದು ಯಂತ್ರ ಇದ್ದಂತೆ, ಕೆಡುವ ಮುಂಚೆ ಏನಾದರೊಂದು ಸೂಚನೆ ಕೊಟ್ಟೇ ಕೊಡುತ್ತದೆ, ಜಾಣನಾದವನು ಆ ಸೂಚನೆಯನ್ನು ಕಡೆಗಣಿಸಬಾರದು, ಇಂದಿನ ಉಪೇಕ್ಷೆ ನಾಳೆಯ ಅಪಾಯ, ಹೀಗೆ ಗುಡೇಕೋಟೆ ಕಾಡಿನ ಕರಡಿಗೂ ಪಾಲಿಸಿ ಮಾಡಿಸುವಷ್ಟು ಮಾತಾಡಿದೆ. ಯಜಮಾನರು ಟವೆಲ್ಲನ್ನು ಮಡಿಲಲ್ಲಿಟ್ಟುಕೊಂಡು ತಲೆಯಾಡಿಸುತ್ತ ಕೇಳಿದರು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಬೆರಳು ತೋರಿಸಿ ಕೇಳಿದರು:

“ಆ ದೀಪ ಯಾಕ ಹತ್ತೈತ್ರಿ?”

“ಅದು ಎಂಜಿನ್ ಸೂಚನಿರಿ. ಬಾಳ ದಿನದಿಂದ ಹಂಗ ಐತಿ. ಏನೂ ಆಗಂಗಿಲ್ಲ.”

ಯಜಮಾನರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

“ನಂದೂ ಹಂಗ ಅನ್ರಿ. ಇಲ್ಲೇ ಇಳಸ್ರಿ, ಬಸ್ಸಿಗೆ ಹೊಕ್ಕೀನಿ.”

ಮನೆದೇವರು

ಆ ಪಾಲಿಸಿ ಹೋದ ದುಃಖವನ್ನು ಮನೆಯಲ್ಲಿ ತೋಡಿಕೊಂಡಾಗ ಹೆಂಡತಿ ಎದ್ದು ಹೋಗಿ ತನ್ನ ಸ್ಟಿಕ್ಕರ್ ಬೊಟ್ಟಿನ ಹಾಳೆ ತಂದಳು. ಅದರಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕೆಂಪು ಬೊಟ್ಟನ್ನು ಕಿತ್ತು ದೀಪದ ಮೇಲಿನ ಗಾಜಿಗೆ ಅಂಟಿಸಿದಳು. ದೀಪ ಕಾಣದಾಯಿತು. ಇಷ್ಟು ಸುಲಭದ ರಿಪೇರಿ ಯಾವ ಮೇಸ್ತ್ರಿಗೂ ಹೊಳೆದಿರಲಿಲ್ಲ.

ಸ್ವಲ್ಪ ದಿನಕ್ಕೆ ನಮ್ಮ ಮ್ಯಾನೇಜರ್ ಸಾಹೇಬರನ್ನು ಹಡಗಲಿಗೆ ಕರೆದುಕೊಂಡು ಹೋಗುವ ಕೆಲಸ ಬಿತ್ತು. ಸಾಹೇಬರು ದೈವಭಕ್ತರು. ಗಾಜಿನ ಹಿಂದೆ ದೀಪ ಉರಿಯುತ್ತಿದ್ದರಿಂದ ಬೊಟ್ಟಿನ ಸುತ್ತ ಬಂಗಾರದ ಅಂಚು ಹಾಕಿದಂತೆ ಕಾಣುತ್ತಿತ್ತು. ಇದು ಯಾವ ಅಮ್ಮ ಎಂದು ಅವರು ಮೆಲ್ಲಗೆ ಕೇಳಿದರು. ಕಾರಿನ ದೋಷ ಮುಚ್ಚಿಟ್ಟು ಮೇಲಧಿಕಾರಿಯನ್ನು ಕೂರಿಸಿಕೊಂಡಿದ್ದೇನೆ ಎಂದು ಹೇಳಲಾದೀತೇ? ಮನೆದೇವರು ಸಾರ್ ಎಂದೆ. ಅವರು ಬೊಟ್ಟು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ನಮಸ್ಕಾರ ಮಾಡಿದರು. ದೇವರು ಇರುವ ಜಾಗ ಎಂದು ಗೊತ್ತಿದ್ದರೆ ಬೂಟು ಮೆಟ್ಟಿಕೊಂಡು ಕೂರುತ್ತಿರಲಿಲ್ಲ ಎಂದು ಬೇಜಾರನ್ನೂ ಮಾಡಿಕೊಂಡರು.

ಹಡಗಲಿಯ ಕೆಲಸ ಮುಗಿಯಿತು. ಸಾಹೇಬರು ಹಿಂದಿನ ಬಾಗಿಲು ತೆಗೆದು ಕೂತರು, ನಾನು ಹೊರಟೆ. ಹಗರಿಬೊಮ್ಮನಹಳ್ಳಿಯಲ್ಲಿ ಆಫೀಸಿನ ಮುಂದೆ ಇಳಿಯುವಾಗ ನೋಡಿದರೆ ಕಾಲಲ್ಲಿ ಬರೀ ಸಾಕ್ಸು. ಬೂಟನ್ನು ಭಕ್ತಿಯಿಂದ ಹಡಗಲಿಯ ರಸ್ತೆ ಬದಿಯಲ್ಲೇ ಬಿಚ್ಚಿಟ್ಟು ಹತ್ತಿದ್ದರು. ಬಿಸಿಲಿಗೆ ನೆಲ ಕಾದಿತ್ತು. ಒಂದೊಂದೇ ಕಾಲೆತ್ತಿ ಇಡುತ್ತ ಮೆಟ್ಟಿಲ ತನಕ ಹೋದವರು ಹಿಂತಿರುಗಿ ಕೇಳಿದರು:

“ನಿಮ್ಮ ಮನೆದೇವರಿಗೆ ಬೂಟಿನ ಹರಕೆಯೂ ನಡೆಯುತ್ತೇನ್ರೀ?”

ಊಟದ ಮನೆ

ಕೊನೆಗೆ ಹೊಸಪೇಟೆಯಿಂದ ಹೊಸ ಸೆನ್ಸರನ್ನೇ ತರಿಸಿ ಹಾಕಿಸಿದೆ. ದೀಪ ಆರಿತು. ಪೇಢೆ ಹಂಚಿದೆ. ಪೇಢೆಯ ಸಿಹಿ ಬಾಯಲ್ಲಿರುವಾಗಲೇ ಮತ್ತೆ ಹತ್ತಿತು.

ಮೇಸ್ತ್ರಿ ಈ ಸಲ ಯಂತ್ರ ಬದಿಗಿಟ್ಟು ಬಾನೆಟ್ಟಿನೊಳಗೆ ತಲೆ ಹಾಕಿ ಒಂದೊಂದೇ ತಂತಿ ಹಿಡಿದು ನೋಡುತ್ತ ಹೋದ. ಸೆನ್ಸರಿಗೆ ಹೋಗುವ ತಂತಿಯನ್ನು ಇಲಿ ಕಡಿದಿತ್ತು. ಪೂರ್ತಿ ತುಂಡಾಗಿರಲಿಲ್ಲ. ಗುಂಡಿ ಬಂದಾಗ ಬಿಡುವುದು, ಇನ್ನೊಂದು ಗುಂಡಿ ಬಂದಾಗ ಕೂಡುವುದು ನಡೆದಿತ್ತು. ಅದಕ್ಕೇ ದೀಪ ತನ್ನ ಮನಸ್ಸಿಗೆ ಬಂದಂತೆ ಹತ್ತಿ ಆರುತ್ತಿದ್ದದ್ದು.

ಇಲಿ ಎಲ್ಲಿಂದ ಬಂತೆಂದು ನನಗೆ ಆಗಲೇ ಗೊತ್ತಾಗಿಹೋಯಿತು. ನಮ್ಮ ಪಕ್ಕದ ಮನೆಯವರದು ಅಕ್ಕಿ ಅಂಗಡಿ. ನೆಟ್ಟಗೆ ಹೋಗಿ, ಚೀಲ ಅಂದಮೇಲೆ ಇಲಿ, ಇಲಿ ಅಂದಮೇಲೆ ನಿಮ್ಮ ಜವಾಬ್ದಾರಿ ಎಂದು ಓಣಿಗೆಲ್ಲ ಕೇಳುವಂತೆ ದಬಾಯಿಸಿದೆ. ಅವರು ಜಗಳಕ್ಕೆ ಬರುವ ಮನುಷ್ಯರಲ್ಲ. ಕಾರು ತೋರಿಸಿ ಎಂದರು. ಸುತ್ತ ಒಂದು ಸುತ್ತು ಹಾಕಿ, ಮೂಸಿ ನೋಡಿ, ಡಿಕ್ಕಿ ತೆಗೆಸಿದರು. ಕಾರು ಕೊಂಡ ಹೊಸದರಲ್ಲಿ ಕೂಡ್ಲಿಗಿಯ ಪಾಲಿಸಿದಾರರೊಬ್ಬರು ಪ್ರೀತಿಯಿಂದ ಕೊಟ್ಟ ಶೇಂಗಾದ ಚೀಲ ಅಲ್ಲಿ ಮಲಗಿತ್ತು. ನಾನು ಮರೆತೇಬಿಟ್ಟಿದ್ದೆ. ಚೀಲದ ಮೂಲೆಗೆ ತೂತು, ಸುತ್ತ ಬರೀ ಸಿಪ್ಪೆ.

“ಇಲಿ ನಮ್ಮದ ಇರಬೌದ್ರಿ,” ಎಂದರು ಅವರು. “ಆದ್ರ ಊಟಕ್ಕ ನಿಮ್ಮಲ್ಲಿಗೆ ಬರತೈತಿ.”

ಹೆಣ್ಣು ನೋಡುವ ದಿನ

ತಂತಿ ಬದಲಿಸಿದ ಮೇಲೆ ದೀಪ ನಿಜವಾಗಿಯೂ ಆರಿತು. ಬೊಟ್ಟು ಕಿತ್ತು ಗಾಜು ಒರೆಸಿದೆ. ಇಷ್ಟೆಲ್ಲ ಅನುಭವಿಸಿದ್ದರಿಂದ ಸೆನ್ಸರುಗಳ ವಿಷಯದಲ್ಲಿ ನಮ್ಮ ತಾಲ್ಲೂಕಿಗೆ ನಾನೇ ಪಂಡಿತ ಎಂಬ ಭಾವನೆ ಬಂದಿತ್ತು.

ಅದೇ ಹೊತ್ತಿಗೆ ಮಗಳಿಗೆ ಹರಪನಹಳ್ಳಿಯಿಂದ ಒಂದು ಸಂಬಂಧ ಬಂತು. ಒಳ್ಳೇ ಹುಡುಗ, ತಂದೆಗೆ ಬಟ್ಟೆ ವ್ಯಾಪಾರ. ಮಗಳಿಗೂ ಫೋಟೋ ನೋಡಿ ಮನಸ್ಸಾಗಿತ್ತು. ಹಾಗೆಂದು ಅವಳು ಹೇಳಿರಲಿಲ್ಲ, ಆದರೆ ಹಿಂದಿನ ಸಂಬಂಧಗಳಿಗೆ ತೆಗೆದ ತಕರಾರು ಇದಕ್ಕೆ ತೆಗೆದಿರಲಿಲ್ಲ. ಇದೊಂದು ಕೂಡಿಬಂದರೆ ಸಾಕೆಂದು ಹೆಂಡತಿ ಉಪವಾಸ ಹಿಡಿದಿದ್ದಳು. ನಮ್ಮ ಬಾಡಿಗೆ ಮನೆ ಇಕ್ಕಟ್ಟು ಎಂದು ಇಟ್ಟಿಗಿಯಲ್ಲಿರುವ ಅಣ್ಣನ ಮನೆಯಲ್ಲಿ ಹೆಣ್ಣು ತೋರಿಸುವುದೆಂದಾಯಿತು. ಹೆಂಡತಿ, ಮಗಳು ಮೊದಲೇ ಅಲ್ಲಿಗೆ ಹೋದರು. ಹುಡುಗ, ಅವನ ತಂದೆ, ತಾಯಿ ರೈಲಿಗೆ ಹಗರಿಬೊಮ್ಮನಹಳ್ಳಿಗೆ ಬಂದಿಳಿದರು. ಸ್ಟೇಷನ್ನಿನಿಂದ ಅವರನ್ನು ಕರೆತರುವ ಕೆಲಸ ನನ್ನದು. ಕಾರು ತೊಳೆಸಿದ್ದೆ, ಒಳಗೆ ಅತ್ತರು ಹೊಡೆದಿದ್ದೆ.

ದಾರಿಯುದ್ದಕ್ಕೂ ಕಾರಿನ ಗುಣಗಾನ ಮಾಡಿದೆ. ಹಳೇ ಗಾಡಿಯ ಗಟ್ಟಿತನ ಹೊಸದಕ್ಕಿಲ್ಲ, ಆದರೆ ನಡೆಸುವವನಿಗೆ ತಿಳಿವಳಿಕೆ ಬೇಕು ಎಂದೆಲ್ಲ ಹೇಳುತ್ತಿದ್ದೆ. ಮುಂದೆ ಕೂತಿದ್ದ ಹುಡುಗನ ತಂದೆ ಸಂಕೋಚದಿಂದಲೇ ನಡುವೆ ಬಾಯಿ ಹಾಕಿದರು.

“ಅಲ್ಲೊಂದು ಹಳದಿ ದೀಪ ಹತ್ತೈತೆ ನೋಡ್ರಿ.”

ನಾನು ನಕ್ಕೆ. ಕಣ್ಣು ರಸ್ತೆಯಿಂದ ತೆಗೆಯಲೂ ಇಲ್ಲ. ದೀಪ ಹತ್ತಿದ ಕೂಡಲೇ ಹೆದರುವುದು ತಿಳಿಯದವರ ಲಕ್ಷಣ, ಕಾರಿಗೆ ಏನೂ ಆಗಿರುವುದಿಲ್ಲ, ಸೆನ್ಸರ್ ಸುಳ್ಳು ಹೇಳುತ್ತಿರುತ್ತದೆ, ಇಲಿ ಮತ್ತೆ ಬಂದಿರಬೇಕು ಎಂದು ವಿವರಿಸಿದೆ. ಅವರು ಹೌದೇ ಎಂದರು. ಇಟ್ಟಿಗಿ ಇನ್ನೂ ಒಂದಿಷ್ಟು ದೂರ ಇರುವಾಗ ಕಾರು ಎರಡು ಸಲ ಜಗ್ಗಿ, ಮೆಕ್ಕೆಜೋಳದ ಹೊಲದ ಪಕ್ಕ ನಿಂತುಬಿಟ್ಟಿತು. ಆಗ ಬಗ್ಗಿ ನೋಡಿದೆ. ದೀಪದ ಚಿತ್ರ ಎಂಜಿನ್ನಿನದಲ್ಲ, ಪೆಟ್ರೋಲ್ ಬಂಕಿನದು.

ಒಂದೇ ದೀಪವನ್ನು ಅಷ್ಟು ಕಾಲ ನೋಡಿ, ಅದರ ಪಕ್ಕದಲ್ಲಿ ಪೆಟ್ರೋಲಿಗೂ ಒಂದು ದೀಪ ಇದೆ ಎನ್ನುವುದನ್ನು ಮರೆತಿದ್ದೆ. ಹುಡುಗನ ತಾಯಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಹೊಲ ನೋಡುತ್ತಿದ್ದರು. ಹುಡುಗ ಹಲ್ಲು ಕಚ್ಚಿ ನಗು ತಡೆದುಕೊಂಡಿದ್ದ. ನಾನು ದೂರ ಹೋಗಿ ಅಣ್ಣನಿಗೆ ಫೋನ್ ಮಾಡಿ, ಯಾರ ಕೈಯಲ್ಲಾದರೂ ಪೆಟ್ರೋಲ್ ಕಳಿಸು ಎಂದೆ. ಅವನು ಪೇಟೆಗೆ ಹಣ್ಣು ತರಲು ಹೋಗಿದ್ದ. ಮನೆಯಲ್ಲಿ ಸ್ಕೂಟಿ ಓಡಿಸಲು ಬರುವವರು ಇದ್ದದ್ದು ಒಬ್ಬರೇ.

ಹುಡುಗಿ ಚಹಾದ ತಾಟು ಹಿಡಿದು ಬರುವುದು ಪದ್ಧತಿ. ನಮ್ಮ ಮಗಳು ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ತಲೆತುಂಬ ಮಲ್ಲಿಗೆ ಮುಡಿದು, ಕಾಲ ಸಂದಿಯಲ್ಲಿ ಪೆಟ್ರೋಲ್ ಕ್ಯಾನ್ ಇಟ್ಟುಕೊಂಡು ಬಂದಳು. ಎಲ್ಲರಿಗೂ ನಮಸ್ಕಾರ ಮಾಡಿದಳು, ನನ್ನ ಮುಖ ನೋಡಲಿಲ್ಲ. ಟ್ಯಾಂಕಿಗೆ ಸುರಿಯುವಾಗ ಹುಡುಗ ಸಹಾಯಕ್ಕೆಂದು ಹತ್ತಿರ ಹೋದ. ಅವರಿಬ್ಬರ ಮೊದಲ ಮಾತು ಇಷ್ಟೇ: “ಸ್ವಲ್ಪ ಸರೀರಿ, ಅಂಗಿಗೆ ಚೆಲ್ಲತೈತಿ.” ಆಮೇಲೆ ಮಗಳು ನನ್ನ ಕೈಯಿಂದ ಕಾರಿನ ಕೀಲಿ ತೆಗೆದುಕೊಂಡು, ಅಪ್ಪಾ ನೀನು ಸ್ಕೂಟಿ ತಗೊಂಡು ಬಾ ಎಂದಳು. ಹುಡುಗನ ತಾಯಿ ನನ್ನ ಕಡೆ ತಿರುಗಿ, ಇವಳಿಗೆ ಕಾರು ಕಲಿಸಿದವರು ಯಾರು ಎಂದು ವಿಚಾರಿಸಿದರು. ಡ್ರೈವಿಂಗ್ ಸ್ಕೂಲಿನವರು ಎಂದೆ. ಹಾಗಾದರೆ ಚಿಂತೆಯಿಲ್ಲ ಎಂದು ನಿಶ್ಚಿಂತೆಯಿಂದ ಹತ್ತಿ ಕೂತರು. ಅವರ ಹಿಂದೆ ಧೂಳು ಕುಡಿಯುತ್ತ ಸ್ಕೂಟಿಯಲ್ಲಿ ನಾನು ಬಂದೆ.

ಅಣ್ಣನ ಮನೆಯಲ್ಲಿ ಉಪ್ಪಿಟ್ಟು, ಚಹಾ ಮುಗಿಯಿತು. ಅವರು ಒಳಗೊಳಗೇ ಮಾತಾಡಿಕೊಂಡರು. ಹುಡುಗನ ತಂದೆ ಗಂಟಲು ಸರಿಮಾಡಿಕೊಂಡು, ಹುಡುಗಿ ಒಪ್ಪಿಗೆಯಾಗಿದ್ದಾಳೆ ಎಂದರು. ಹೆಂಡತಿಯ ಕಣ್ಣು ತುಂಬಿದವು. ನನ್ನ ಎದೆಯೂ ಹಗುರವಾಯಿತು. ಅಷ್ಟರಲ್ಲಿ ಅವರು ಆದರೆ ಎಂದರು.

“ಆದ್ರೆ ನಮ್ದೊಂದು ಬೇಡಿಕೆ ಐತೆ. ಬೇಜಾರು ಮಾಡ್ಕೋಬಾರ್ದು.”

ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬಂಗಾರವೋ, ಬೈಕೋ, ಇನ್ನೇನೋ ಎಂದು ಅಣ್ಣ ನನ್ನ ಮುಖ ನೋಡಿದ. ನಮ್ಮ ಕೈಲಾದದ್ದು ಮಾಡುತ್ತೇವೆ, ಸಂಕೋಚ ಬೇಡ, ಹೇಳಿ ಎಂದೆ.

“ಮದುವಿ ದಿನ ಹುಡುಗನ್ನ ಕರ್ಕೊಂಡು ಬರೋಕೆ ನೀವು ಬರಬ್ಯಾಡ್ರಿ. ನಾವು ಹೆಂಗೋ ಬರ್ತೀವಿ.”