ಬೋರಲು ದೋಣಿಗೆ ಒಂದು ಚೊಂಬು ನೀರು

ಆ ಭಾನುವಾರವೂ ಎಂದಿನಂತೆ ನಾನು ನಮ್ಮ ಮನೆಯವರನ್ನು ಹೀಯಾಳಿಸಿದೆ. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಕೆಲವರಿಗೆ ಬೆಳಗಾದರೆ ಟೀ ಬೇಕು, ನನಗೆ ಗಂಡನ ಒಂದು ತಪ್ಪು ಬೇಕಿತ್ತು. ಪುಣ್ಯಾತ್ಮರು ಒಂದು ದಿನವೂ ನನ್ನನ್ನು ಉಪವಾಸ ಕೆಡವಿದವರಲ್ಲ. ಅಂದು ಹೊಂಗೆ ಮರದ ನೆರಳಿನಲ್ಲಿ ದೋಣಿಯನ್ನು ಬೋರಲು ಹಾಕಿಕೊಂಡು ಉಜ್ಜುತ್ತಿದ್ದರು. ದೋಣಿ! ಮಡಕಶಿರಾ ಸೀಮೆಯ ಗುಡಿಬಂಡೆ ಹತ್ತಿರದ ನಮ್ಮ ಊರಿನಲ್ಲಿ ಕುರಿ ಇಟ್ಟವರುಂಟು, ಟ್ರ್ಯಾಕ್ಟರ್ ಇಟ್ಟವರುಂಟು, ಒಣಗಿದ ಬೋರ್‌ವೆಲ್ ಮೂರು ಮೂರು ಇಟ್ಟುಕೊಂಡವರೂ ಉಂಟು. ದೋಣಿ ಇಟ್ಟುಕೊಂಡ ಗಂಡಸು ಇವರೊಬ್ಬರೇ.

ಒಂದು ವರ್ಷ ಕೆರೆ ತುಂಬಿತ್ತು. ಯಾರೋ ಕಂಟ್ರಾಕ್ಟರು ಬಂದು ಫೈಬರ್ ದೋಣಿಗಳನ್ನು ಇಳಿಸಿ ಜನರನ್ನು ಸುತ್ತಾಡಿಸಿದ. ಹುಟ್ಟು ಹಾಕುವ ಕೆಲಸಕ್ಕೆ ಇವರು ಸೇರಿದರು. ಕೆರೆ ಒಣಗಿತು, ಆತ ಲಾರಿ ತಂದು ದೋಣಿಗಳನ್ನು ಹೇರಿಕೊಂಡ. ಕೊನೆಯದಕ್ಕೆ ಜಾಗ ಸಾಲದೆ, "ನೀನೇ ಇಟ್ಕೋ" ಅಂದುಬಿಟ್ಟ. ಅಷ್ಟೇ. ಇವರು ಹೆಣ್ಣು ಕೊಟ್ಟ ಮಾವನೆದುರು ನಿಂತಾಗಲೂ ಅಷ್ಟು ಹಿಗ್ಗಿರಲಿಲ್ಲ. ಮನೆಗೆ ಬಂದಾಗ ಅದು ಕಡುನೀಲಿ. ನಮ್ಮ ಬಿಸಿಲಿಗೆ ನಾಲ್ಕೇ ವರ್ಷದಲ್ಲಿ ಬೂದಿ ಬಳಿದಂತಾಯಿತು. ಮೈ ತಾಕಿದರೆ ಸಾಕು, ಸೀರೆಗೆ ಬಿಳಿ ಪುಡಿ. ಮನೆಗೆ ಬಂದವರು ಒರಗಿ ನಿಂತು, ಬೆನ್ನ ತುಂಬ ಸುಣ್ಣ ಹಚ್ಚಿಕೊಂಡು ಹೋಗುತ್ತಿದ್ದರು. ಕೆಲವರಿಗೆ ನಾನು ಹೇಳುತ್ತಲೂ ಇರಲಿಲ್ಲ.

ಕೆರೆಗೆ ಕಾಲುವೆ ನೀರು ಬರುತ್ತದೆಂಬ ಸುದ್ದಿ ಹಬ್ಬಿದ್ದೇ ಇವರು ಉಜ್ಜಲು ಕೂತರು. ಕಾರಿಗೆ ಹೊಳಪು ಕೊಡುವವನೊಬ್ಬ ಕ್ರಮ ಹೇಳಿಕೊಟ್ಟಿದ್ದನಂತೆ. ಮೊದಲು ತೊಳೆಯಬೇಕು, ಆಮೇಲೆ ಸಣ್ಣ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ಹಗುರವಾಗಿ ತಿಕ್ಕಬೇಕು, ಆಮೇಲೆ ಹೊಳಪಿನ ಪೇಸ್ಟ್, ಕೊನೆಗೆ ಮೇಣ. ಎರಡು ಅಂಗೈಯಷ್ಟು ಜಾಗ ಮುಗಿದ ಮೇಲೆಯೇ ಮುಂದಿನದು. ಬಿಸಿಲು ಬಿದ್ದರೆ ನಿಲ್ಲಿಸಬೇಕು. ಎಡಗಡೆಯ ಮೈ ಮುಗಿಸಲು ಮೂರು ವಾರ ಹಿಡಿಯಿತು. ಮನೆಯ ಗೋಡೆಗೆ ಸುಣ್ಣ ಬಳಿಯಿರೆಂದು ನಾನು ಎರಡು ದೀಪಾವಳಿಯಿಂದ ಹೇಳುತ್ತಿದ್ದೆ.

"ಅಮ್ಮೀ, ಒಂದು ಚೊಂಬು ನೀರು ಹುಯ್ಯಿ ಬಾ. ಒಣಗಿದ್ ಮೇಲೆ ಉಜ್ಜಿದ್ರೆ ಗೀರು ಬೀಳ್ತವೆ," ಎಂದು ಆ ಭಾನುವಾರ ನನ್ನನ್ನು ಕರೆದರು.

ನಾನು ರಾಯದುರ್ಗದ ಕಡೆಯವಳು. ನಮ್ಮ ಕಡೆ ಬೈದರೂ 'ರೀ' ಹಚ್ಚಿಯೇ ಬೈಯುತ್ತೇವೆ. "ಕುಡಿಯಾಕ ನೀರಿಲ್ಲ, ನಿಮ್ಮ ದೋಣಿಗೆ ಜಳಕ ಮಾಡಸ್ಬೇಕೇನ್ರಿ? ಹಂಗ ಸ್ವಲ್ಪ ಎಣ್ಣಿ ಹಚ್ಚಿ ತೊಟ್ಟಿಲಿಗೂ ಹಾಕ್ರಿ," ಎಂದು ಒಳಗೆ ಹೋದೆ. ಅವರು ನಗುತ್ತಾ ಒಂದು ಕೈಯಲ್ಲಿ ನೀರು ಸುರಿದುಕೊಂಡು ಇನ್ನೊಂದರಲ್ಲಿ ತಿಕ್ಕಿದರು.

ಸೋಮವಾರ ಬೆಳಿಗ್ಗೆ ಬಲಗಡೆಗೆ ಪೇಸ್ಟ್ ತರುತ್ತೇನೆಂದು ಆಟೋ ಹತ್ತಿ ಮಡಕಶಿರಾಕ್ಕೆ ಹೋದವರು ಪೇಟೆಯಲ್ಲೇ ಎದೆ ಹಿಡಿದುಕೊಂಡು ಕೂತರಂತೆ. ಪೇಸ್ಟಿನ ಡಬ್ಬಿ ಮನೆಗೆ ಬಂತು.

ತಿಥಿ ಮುಗಿದು ತಿಂಗಳೂ ಆಗಿರಲಿಲ್ಲ, ಮೈದುನ ಸಿದ್ದಪ್ಪ ಬಂದ. ಅವನಿಗೆ ಕುರಿಯೇ ಲೋಕ. ದೋಣಿಯ ಸುತ್ತ ಎರಡು ಸುತ್ತು ಹಾಕಿ, "ಅತ್ಗೆ, ಇದನ್ನ ಮಗುಚಿ ನಿಲ್ಲಿಸಿದ್ರೆ ಕುರಿಗೆ ನೀರಿನ ತೊಟ್ಟಿ ಆಗ್ತದೆ. ನಲವತ್ತು ಕುರಿ ಒಂದೇ ಸಲ ಕುಡೀಬೋದು," ಎಂದ.

"ಇದು ದೋಣಿ, ಸಿದ್ದಪ್ಪ."

"ಯಾವ ಕಡೆಯಿಂದ? ಈ ಬಲಗಡೆ ನೋಡು, ಬೂದಿ ಗುಡ್ಡೆ. ಕೆರೆಗೆ ನೀರು ಬರೋದ್ರೊಳಗೆ ಇದು ದೋಣಿ ತರ ಕಂಡ್ರೆ ನಾನೇ ಹೆಗಲು ಕೊಟ್ಟು ಇಳಿಸ್ತೀನಿ. ಇಲ್ದಿದ್ರೆ ತೊಟ್ಟಿ."

ಗಂಡ ಇದ್ದಿದ್ದರೆ ಆ ಮಾತು ನಾನೇ ಆಡುತ್ತಿದ್ದೆ. ಬೇರೆಯವರು ಆಡಿದ್ದಕ್ಕೆ ಮೈಯೆಲ್ಲ ಉರಿಯಿತು. ನನ್ನ ಗಂಡನನ್ನು ಹೀಯಾಳಿಸುವ ಹಕ್ಕನ್ನು ನಾನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಉಜ್ಜಲು ಕೂತೆ. ಎರಡು ಕೊಡ ನೀರು ಸುರಿದೆ ನೋಡಿ, ದೋಣಿ ಥಳಥಳ ನೀಲಿಯಾಯಿತು! ಇಷ್ಟಕ್ಕೆ ಮೂರು ವಾರ ಬೇಕಾಯಿತೇ ಈ ಮನುಷ್ಯನಿಗೆ ಎಂದು ಹೋದವರ ಮೇಲೂ ಒಂದು ನಗೆ ನಕ್ಕು ಊಟಕ್ಕೆ ಹೋದೆ. ಬರುವಷ್ಟರಲ್ಲಿ ನೀರು ಆರಿ ಮತ್ತೆ ಬೂದಿ. ಮತ್ತೆ ಸುರಿದೆ, ಮತ್ತೆ ನೀಲಿ, ಮತ್ತೆ ಬೂದಿ. ಫೈಬರಿನ ಮೈಗೆ ನಾಚಿಕೆಯಿಲ್ಲ. ಊರಿನ ಸಲಹೆಗಾರರಿಗೆ ಅದಕ್ಕಿಂತ ಕಡಿಮೆ. ಒಬ್ಬಳು ಹುಣಸೆಹಣ್ಣು ಅಂದಳು. ಇನ್ನೊಬ್ಬ ಹುಣಸೆಯ ಮಾತಿಗೆ ನಕ್ಕು ಸಗಣಿ ಅಂದ. ತಾವು ಕಂಡ ಎಲ್ಲ ಪಾತ್ರೆಗೂ ಇವರಿಗೆ ಮದ್ದು ಗೊತ್ತು, ದೋಣಿಯೂ ಒಂದು ಪಾತ್ರೆಯಷ್ಟೇ.

ಅವರನ್ನೆಲ್ಲ ದಡ್ಡರೆಂದು ಬೈದು ನಾನು ಮಾಡಿದ್ದೇನು? ಶೇಂಗಾ ಎಣ್ಣೆ ಹಚ್ಚಿದೆ. ನಮ್ಮ ಸೀಮೆಯಲ್ಲಿ ಬಾಗಿಲ ತಿರುಗಣಿಗೂ ಶೇಂಗಾ ಎಣ್ಣೆ, ಕೂದಲಿಗೂ ಅದೇ, ಮಗುವಿನ ಮೈಗೂ ಅದೇ. ದೋಣಿಗೆ ಯಾಕೆ ಬೇಡ? ಹಚ್ಚಿದ ಗಂಟೆಯಲ್ಲಿ ಮದುವೆಯ ಹೆಣ್ಣಿನಂತೆ ಮಿಂಚಿತು. ಸಂಜೆ ಗಾಳಿ ಬೀಸಿ, ಊರಿನ ಕೆಂಪು ಧೂಳೆಲ್ಲ ಬಂದು ಅಂಟಿಕೊಂಡಿತು. ಮರುದಿನ ಇರುವೆ ಸಾಲುಗಟ್ಟಿದವು.

ಕಡೆಗೆ ಡಬ್ಬಿ ತೆರೆದೆ. ಸೋಪಿನ ನೀರಲ್ಲಿ ಎಣ್ಣೆ ತೊಳೆದು, ಉಪ್ಪುಕಾಗದ ನೆನೆಸಿ, ಎರಡು ಅಂಗೈ ಜಾಗ, ಮತ್ತೆ ಎರಡು ಅಂಗೈ. ನಾಲ್ಕನೆಯ ದಿನಕ್ಕೆ ರಟ್ಟೆ ಬಿದ್ದುಹೋದವು. ಸಿದ್ದಪ್ಪ ಬಂದಾಗ, "ಒಂದು ಚೊಂಬು ನೀರು ಹಾಕಪ್ಪ, ಒಬ್ಬಾಕಿಗೆ ಆಗವಲ್ದು," ಎಂದೆ.

"ಕುರಿಗಿಲ್ಲದ ನೀರು ದೋಣಿಗಾ?" ಎಂದು ನಕ್ಕು ಹೋದ.

ಅಂದು ಇವರು ಮಾಡಿದಂತೆ ನಾನೂ ಒಂದು ಕೈಯಲ್ಲಿ ನೀರು ಸುರಿದುಕೊಂಡು ಇನ್ನೊಂದರಲ್ಲಿ ತಿಕ್ಕಿದೆ.

ಕೆರೆಗೆ ನೀರು ಬಿಟ್ಟ ದಿನ ಸಿದ್ದಪ್ಪ ದೋಣಿಯೋ ತೊಟ್ಟಿಯೋ ತೀರ್ಮಾನಿಸಲು ಬಂದು ನಿಂತ. ಜೊತೆಗೆ ಅವನ ಹಿಂದೆಯೇ ತಿರುಗುವ ದೊಡ್ಡ ಟಗರು. ನಾನು ಬಲಗಡೆ ಮೇಣ ಒರೆಸಿ ಬೆವರುತ್ತಾ ನಿಂತಿದ್ದೆ. ಟಗರು ಬಂದು ನಾನು ಉಜ್ಜಿದ ಕಡೆ ಮೂಸಿತು, ನಿಧಾನಕ್ಕೆ ನೆಕ್ಕಿತು. ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಸಿದ್ದಪ್ಪ ಹೊಟ್ಟೆ ಹಿಡಿದುಕೊಂಡು, "ಅತ್ಗೆ, ದೋಣಿ ಮಾಡಿದ್ಯಾ, ಚಕ್ಲಿ ಮಾಡಿದ್ಯಾ?" ಎಂದ.

ಟಗರು ದೋಣಿಯನ್ನು ಬಳಸಿ ಎಡಗಡೆಗೆ ಹೋಯಿತು. ಅಲ್ಲಿ ಧಕ್ಕನೆ ನಿಂತಿತು. ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ಆ ಕಡುನೀಲಿಯ ಮೈಯಲ್ಲಿ ಇನ್ನೊಂದು ಟಗರು ನಿಂತು ಇದನ್ನೇ ದುರುಗುಟ್ಟುತ್ತಿತ್ತು. ತಲೆ ತಗ್ಗಿಸಿ ಓಡಿಬಂದು ಗುದ್ದಿದ ಸದ್ದಿಗೆ ಹೊಂಗೆಮರದ ಹಕ್ಕಿಗಳೆಲ್ಲ ಎದ್ದವು. ಸಿದ್ದಪ್ಪ ಹಾರಿ ಅದರ ಕೊಂಬು ಹಿಡಿದ. ಅದು ಮೂರು ಸಲ ಬಿಡಿಸಿಕೊಂಡು ಹೋಗಿ ಗುದ್ದಿತು. ದೋಣಿಗೆ ಏನೂ ಆಗಲಿಲ್ಲ.

"ಬ್ಯಾಡ ತಾಯಿ ನಿನ್ನ ತೊಟ್ಟಿ," ಎಂದ ಸಿದ್ದಪ್ಪ ಏದುಸಿರು ಬಿಡುತ್ತಾ. "ದಿನಾ ಹಿಂಗೆ ಗುದ್ದಿದ್ರೆ ಕೊಂಬು ಉಳೀತವಾ?" ಆಮೇಲೆ ಎಡಗಡೆಯ ಮೈಮೇಲೆ ಒಮ್ಮೆ ಕೈಯಾಡಿಸಿದ. ಅಂಗೈ ನೋಡಿಕೊಂಡ. ಪುಡಿ ಹತ್ತಿರಲಿಲ್ಲ. "ಅಣ್ಣಂದು ಕೈ," ಎಂದಷ್ಟೇ ಹೇಳಿ ಟಗರನ್ನು ಎಳೆದುಕೊಂಡು ಹೋದ.

ದೋಣಿ ಉಳಿಯಿತು. ಉಳಿಸಿದ್ದು ನಾನಲ್ಲ. ಇಷ್ಟು ದಿನ ಉಜ್ಜಿ ನಾನು ಒಂದು ಟಗರಿಗೂ ಮೋಸ ಮಾಡಲಾರದೆ ಹೋದೆ. ಬಲಗಡೆಯನ್ನು ಮತ್ತೆ ಮೊದಲಿನಿಂದ ಉಜ್ಜಬೇಕು. ಹೊಸ ಉಪ್ಪುಕಾಗದ ತಂದಿದ್ದೇನೆ, ಡಬ್ಬಿಯಲ್ಲಿ ಪೇಸ್ಟ್ ಅರ್ಧ ಮಿಕ್ಕಿದೆ. ಬೆಳಿಗ್ಗೆ ಎದ್ದು ಚೊಂಬಿನಲ್ಲಿ ನೀರು ತುಂಬಿಕೊಂಡು ಹೊಂಗೆ ಮರದ ಕೆಳಗೆ ನಿಲ್ಲುತ್ತೇನೆ. ನೀರು ಹಾಕಲು ನಾನಿದ್ದೇನೆ. ಉಜ್ಜುವವರು ಇಲ್ಲ.