ಕತ್ತಿ ಹಿಡಿದ ಮಂತ್ರವಾದಿ

ಭಾನುವಾರ ನಸುಕಿಗೆ ಎದ್ದು ಕಲ್ಲೊಲೆ ಹೂಡುವವರು ಯಾರು ಎಂಬುದೇ ಜಗಳದ ಮೂಲ. ಕಟ್ಟಿಗೆ ಒಡೆದು, ಕಲ್ಲು ಕಾಯಿಸಿ, ಮನೆಮಂದಿಗೆಲ್ಲ ಕೆಸುವಿನ ಗಡ್ಡೆ ಬೇಯಿಸುವಷ್ಟರಲ್ಲಿ ಹುಬ್ಬು ಸುಟ್ಟುಹೋಗುತ್ತದೆ. ಮಲಾಕಿಗೂ ಅವನ ಸೋದರತ್ತೆಯ ಮಗ ಟಾವಿಟಾನಿಗೂ ಒಪ್ಪಂದವಾಯಿತು. ರಾಜಧಾನಿ ಅಪಿಯಾದಿಂದ ತಂದ ಕಾಳಗದ ವಿಡಿಯೊ ಆಟವನ್ನು ಶನಿವಾರ ಸಂಜೆ ಟಿವಿಯಲ್ಲಿ ಆಡುವುದು. ಸೋತವನು ಒಲೆಯ ಮುಂದೆ.

ಟಾವಿಟಾ ಗದೆ ಹಿಡಿದ ದೈತ್ಯನನ್ನು ಆರಿಸಿಕೊಂಡ. ಮಲಾಕಿಗೆ ಕತ್ತಿಯೂ ಬೇಕು, ಮಂತ್ರವೂ ಬೇಕು. ಎರಡನ್ನೂ ಬೆರೆಸಿ ಒಬ್ಬನನ್ನು ಮಾಡಿಕೊಂಡ.

"ಮಾಟ ಮಂತ್ರಾನಾ, ಈ ಮನೇಲಿ?" ಅತ್ತೆ ಸೆಫಿನಾ ಬೀಸಣಿಗೆ ಎತ್ತಿದಳು.

"ಅರ್ಧ ಮಾತ್ರ ಮಂತ್ರವಾದಿ, ಅತ್ತೆ. ಇನ್ನರ್ಧ ಸೈನಿಕ."

"ಅರ್ಧ ಪಾಪ ಅಂತ ಬೈಬಲ್‌ನ ಯಾವ ಅಧ್ಯಾಯದಲ್ಲಿ ಬರ್ದಿದೆಯೋ?"

ಆಟದ ನಿಯಮವೂ ಅತ್ತೆಯಷ್ಟೇ ಕಟ್ಟುನಿಟ್ಟು. ಕಬ್ಬಿಣದ ಕವಚ ತೊಟ್ಟರೆ ಮಂತ್ರ ಹೊರಡದು. ಕಳಚಿದರೆ ಒಂದೇ ಏಟಿಗೆ ಮೂಳೆ ಪುಡಿ. ಮಲಾಕಿ ತೊಡುವುದು, ಕಳಚುವುದು, ಮತ್ತೆ ತೊಡುವುದು. ಎರಡು ದೋಣಿಯಲ್ಲಿ ಕಾಲಿಟ್ಟವನ ಪಾಡು.

"ಲೋ, ಯುದ್ಧಕ್ಕೆ ಬಂದ್ಯೋ, ಸ್ನಾನಕ್ಕೆ ಬಂದ್ಯೋ?" ಎಂದು ಟಾವಿಟಾ ಗದೆ ಬೀಸಿದ.

ಊರಿನ ಎಲ್ಲ ಮನೆಗಳಂತೆ ಇದೂ ಗೋಡೆಯಿಲ್ಲದ, ಬರೀ ಕಂಬಗಳ ಮನೆ. ನೆರೆಯವರು ತಮ್ಮ ತಮ್ಮ ಚಾಪೆಯಿಂದಲೇ "ಕಳಚೋ!" "ಅಯ್ಯೋ, ತೊಡೋ!" ಎಂದು ಬುದ್ಧಿ ಹೇಳತೊಡಗಿದರು. ಮಲಾಕಿ ಎಲ್ಲರ ಮಾತನ್ನೂ ಕೇಳಿ ನಾಲ್ಕು ಏಟು ತಿಂದ. ಪ್ರಾಣ ಕೂದಲೆಳೆಯಷ್ಟು ಉಳಿದಾಗ ಕವಚ ಕಿತ್ತೆಸೆದು ವಿಷಮಂತ್ರ ಬಿಟ್ಟ. ತಗುಲಿತು. ಆದರೆ ಅದು ಮೆಲ್ಲಗೆ ಕೊಲ್ಲುವ ವಿಷ. ಅಷ್ಟರಲ್ಲಿ ದೈತ್ಯ ಮತ್ತೆ ಗದೆ ಎತ್ತಿದ್ದ.

ಆಗ ಸಂಜೆಯ ಶಂಖ ಮೊಳಗಿತು. ಪ್ರಾರ್ಥನೆಯ ಹೊತ್ತು, ಊರಿನಲ್ಲಿ ಯಾರೂ ಕೆಲಸ ಮಾಡುವಂತಿಲ್ಲ. ಇಬ್ಬರೂ ಕೈಯಲ್ಲಿದ್ದುದನ್ನು ಕೆಳಗಿಟ್ಟು ತಲೆ ಬಾಗಿಸಿದರು. ಅತ್ತೆ ಟಿವಿಗೆ ಪಂಚೆ ಹೊದಿಸಿ ಸ್ತೋತ್ರ ಎತ್ತಿದಳು. ಹಾಡು ಮುಗಿದು ಊರೆಲ್ಲ ಮೌನವಾದ ಗಳಿಗೆಯಲ್ಲೇ, ಪಂಚೆಯೊಳಗಿಂದ ವಿಷವೇರಿದ ದೈತ್ಯ ಗಂಟಲು ಹರಿಯುವಂತೆ ಚೀರಿ ಸತ್ತ.

ಮಲಾಕಿ ಕಣ್ಣು ತೆರೆಯದೆಯೇ ದೇವರಿಗೆ ಇನ್ನೊಂದು ವಂದನೆ ಸೇರಿಸಿದ.

ಪ್ರಾರ್ಥನೆ ಮುಗಿದ ಗುರುತಿಗೆ ಎರಡನೆಯ ಶಂಖವಾಗುತ್ತಲೇ, ಯಾರೂ ಓಡಾಡದಂತೆ ದಾರಿಯಲ್ಲಿ ಕಾವಲು ನಿಂತಿದ್ದ ಊರ ಹಿರಿಯ ಸಿಮಿ ಒಳಗೆ ಬಂದರು.

"ಪ್ರಾರ್ಥನೆ ಹೊತ್ತಲ್ಲಿ ಯಾರು ಯಾರನ್ನ ಕೊಂದ್ರಿ?"

"ಸತ್ತವನು ನಾನು, ಅಜ್ಜಾ. ನನ್ನ ತಪ್ಪಿಲ್ಲ," ಎಂದ ಟಾವಿಟಾ.

"ನಾನು ಕೈ ಕಟ್ಕೊಂಡಿದ್ದೆ, ಅಜ್ಜಾ!" ಮಲಾಕಿ ಗೋಗರೆದ. "ಸೈನಿಕ ಸುಮ್ನೆ ನಿಂತಿದ್ದ. ಕೆಲಸ ಮಾಡ್ತಿದ್ದೋನು ಆ ಮಂತ್ರವಾದಿ."

ಸಿಮಿ ಗಡ್ಡ ಸವರಿಕೊಂಡರು. "ಸರಿ. ನಾಳೆ ಊರಿಗೆಲ್ಲ ಪಾದ್ರಿಗಳ ಮನೇಲೇ ಊಟ. ಆ ದೊಡ್ಡ ಒಲೆಗೆ ಮಂತ್ರವಾದಿ ಬೆಂಕಿ ಹಚ್ಲಿ."

"ಅಷ್ಟೇನಾ?"

"ಅಷ್ಟೇ. ಸುಮ್ನೆ ನಿಂತಿದ್ದ ಸೈನಿಕನಿಗೆ ದಣಿವಿರಲ್ಲ; ಅವನು ಕಟ್ಟಿಗೆ ಒಡೀಲಿ."

"ಮತ್ತೆ ಸೋತ ಟಾವಿಟಾ?" ಎಂದ ಮಲಾಕಿ.

"ಈ ಮನೇಲಿ ನಾಳೆ ಒಲೇನೇ ಹಚ್ಚಲ್ವಲ್ಲ," ಎಂದು ಅತ್ತೆ ಮಗನಿಗೆ ಚಾಪೆ ಬಿಡಿಸಿದಳು. "ಸತ್ತವನು, ಪಾಪ, ಮಲಗ್ಲಿ."